ಫ್ರಿಡ್ಜಿನ ಬೆನ್ನ ಹಿಂದೆ

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಎರಡು ಹಲಸಿನ ಹಪ್ಪಳ ಸುಡೋಣವೆಂದು ಡಬ್ಬಿ ತೆಗೆದೆ. ಕೈಗೆ ಬಂದ ಹಪ್ಪಳದ ಮೈಮೇಲೆ ಉದ್ದಕ್ಕೆ ಗೆರೆಗಳು. ಎಳೆಯ ಮಕ್ಕಳು ಅಕ್ಷರ ತಿದ್ದುವ ಕಾಪಿಪುಸ್ತಕದಲ್ಲಿ ಇರುತ್ತವಲ್ಲ, ಹಾಗೆ ಒಂದೇ ಅಂತರದಲ್ಲಿ, ಒಂದಿಷ್ಟೂ ಸೊಟ್ಟ ಇಲ್ಲದೆ. ಬಾಳೆಯೆಲೆಯ ಮೇಲೆ ಒತ್ತಿದ ಹಪ್ಪಳಕ್ಕೆ ಎಲೆಯ ನಾರಿನ ಗುರುತು ಬೀಳುವುದುಂಟು. ಇದು ಅದಲ್ಲ, ಕಬ್ಬಿಣದ ಸರಳಿನ ಗುರುತು. ನೋಡುತ್ತಾ ಒಬ್ಬಳೇ ನಿಂತು ನಕ್ಕೆ. ಅಷ್ಟರಲ್ಲಿ ಒಲೆಯ ಮೇಲಿದ್ದ ಇನ್ನೊಂದು ಹಪ್ಪಳ ಕರಕಲಾಯಿತು.

ಈ ಗೆರೆ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ನಮ್ಮ ಮನೆಯ ಫ್ರಿಡ್ಜಿನ ಕಥೆ ಹೇಳಬೇಕು. ಫ್ರಿಡ್ಜಿನ ಕಥೆ ಹೇಳಬೇಕಾದರೆ ಮಂಚಿಕೇರಿಯ ಒಂದು ಮಾವಿನ ಮರದ ಕಥೆ ಹೇಳಬೇಕು. ನಾನು ಶಿರಸಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಒಂದು ಹೇಳಲು ಹೋಗಿ ಮೂರು ಹೇಳುವುದು ನಮ್ಮ ಕಸುಬಿಗೆ ಅಂಟಿದ ರೋಗ. ಮಕ್ಕಳಾದರೆ ಗಂಟೆ ಹೊಡೆದ ಕೂಡಲೇ ತಪ್ಪಿಸಿಕೊಳ್ಳುತ್ತವೆ, ನಿಮಗೆ ಆ ಅನುಕೂಲವೂ ಇಲ್ಲ.

ನನ್ನ ತವರು ಮಂಚಿಕೇರಿಯ ಹತ್ತಿರ. ಮನೆಯಿಂದ ಇಳಿದು ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಅಪ್ಪೆಮಾವಿನ ಮರವಿತ್ತು. ಅಪ್ಪೆ ಎಂದರೆ ಗೊತ್ತಲ್ಲ, ಹಣ್ಣು ಮಾಡಿ ತಿನ್ನಲು ಬಾರದ, ಮಿಡಿಯಾಗಿದ್ದಾಗಲೇ ಕೊಯ್ದು ಉಪ್ಪಿಗೆ ಹಾಕುವ ಕಾಡುಮಾವು. ಯಾರೂ ನೆಟ್ಟದ್ದಲ್ಲ. ಹೊಳೆಯೇ ಯಾವತ್ತೋ ಎಲ್ಲಿಂದಲೋ ಗೊರಟು ತಂದು ಬಿಟ್ಟು ಹೋಗಿದ್ದಿರಬೇಕು. ಅದರ ಮಿಡಿಗೆ ಜೀರಿಗೆಯ ಪರಿಮಳ. ಜೀರಿಗೆ ಮಿಡಿ ಎಂಬ ಹೆಸರಿನಲ್ಲಿ ಶಿರಸಿ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಒಪ್ಪಿದೆ. ಆದರೆ ನಮ್ಮದು ಹೊಳೆಜೀರಿಗೆ. ಆ ಹೆಸರನ್ನು ಇಟ್ಟವರು ನಾವೇ, ಆ ಜಾತಿಗೆ ಇದ್ದದ್ದೂ ಅದೊಂದೇ ಮರ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು. ನಗಿ. ಅದರ ಉಪ್ಪಿನಕಾಯಿ ತಿಂದವರು ಯಾರೂ ನಕ್ಕದ್ದು ನಾನು ಕಂಡಿಲ್ಲ.

ನಮ್ಮ ಆಯಿಗೆ, ಎಂದರೆ ಅಮ್ಮನಿಗೆ, ಮಿಡಿಯ ವಿಷಯದಲ್ಲಿ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಮಿಡಿ ಮಾರುವವರು ಬುಟ್ಟಿಯ ಮೇಲೆ ಅದೇ ಮರದ ಒಂದು ಟಿಸಿಲು ಇಟ್ಟುಕೊಂಡು ಬರಬೇಕು. ಆಯಿ ಅದರ ಎಲೆ ಕಿತ್ತು, ಅಂಗೈಯಲ್ಲಿ ಹಿಸುಕಿ, ಕಣ್ಣು ಮುಚ್ಚಿ ಮೂಸುವಳು. ಮಿಡಿ ನೋಡಿದರೆ ಮೋಸ ಹೋಗಬಹುದು, ಎಲೆ ಮೂಸಿದರೆ ಮೋಸವಿಲ್ಲ ಎನ್ನುವುದು ಅವಳ ಸಿದ್ಧಾಂತ. ಮೂಸಿದ ಮೇಲೆ ಅವಳ ಬಾಯಿಂದ ಬರುವುದು ಎರಡೇ ಮಾತು. "ಹೌದು" ಅಥವಾ "ಥೋ, ತಗಂಡು ಹೋಗು." ನನ್ನ ಮದುವೆಗೆ ಮುಂಚೆ ನಮ್ಮ ಮನೆಯವರನ್ನು ನೋಡಲು ಬಂದಾಗಲೂ ಅವಳು ಹೆಚ್ಚಿನದೇನೂ ಹೇಳಿರಲಿಲ್ಲ, "ಹೌದು" ಅಂದಿದ್ದಳು, ಅಷ್ಟೇ. ಎಲೆ ಎಲ್ಲಿ ಸಿಕ್ಕಿತ್ತೋ ಕಾಣೆ.

ಈ ಜೂನ್ ಮೊದಲ ವಾರ, ಶಾಲೆ ಶುರುವಾಗಿ ಎರಡು ದಿನಕ್ಕೆ, ಆಯಿಯ ಫೋನು ಬಂತು.

"ಕೂಸೆ, ಹೊಳೆಜೀರಿಗೆ ಮರ ಬಿದ್ದೋತು."

"ಪೂರ್ತಿನ?"

"ಬೇರು ಮೇಲೆ ಬಂಜು. ಇನ್ನೆಂತ ಪೂರ್ತಿ?"

ಹಿಂದಿನ ದಿನದ ಗಾಳಿಗೆ ಬೇರು ಕಿತ್ತು, ಹೊಳೆಯ ದಂಡೆ ಸಮೇತ ಕುಸಿದಿತ್ತಂತೆ. ನನ್ನ ತಮ್ಮ ಗರಗಸದವರಿಗೆ ಆಗಲೇ ಹೇಳಿದ್ದ. ದಾರಿಗೆ ಅಡ್ಡ ಬಿದ್ದ ಮರವನ್ನು ಎಷ್ಟು ದಿನ ಇಟ್ಟುಕೊಳ್ಳಲು ಆಗುತ್ತದೆ? ನಾನು ಶಾಲೆಗೆ ರಜೆ ಹಾಕಿ ಯಲ್ಲಾಪುರ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮರ ಮಲಗಿದಂತೆ ಬಿದ್ದಿತ್ತು, ಎಲೆ ಇನ್ನೂ ಬಾಡಿರಲಿಲ್ಲ. ತುದಿಯ ಬಲಿತ ಕಡ್ಡಿಗಳನ್ನು ಕೊಯ್ದು, ಎಲೆ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಕಸಿ ಕಟ್ಟಿದರೆ ಜಾತಿ ಉಳಿಯುತ್ತದೆ ಎಂದು ಆಯಿಗೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಒಳಗೆ ಹೋಗಿ ಉಪ್ಪಿನಕಾಯಿಯ ದೊಡ್ಡ ಭರಣಿಯನ್ನು ಎತ್ತಿಕೊಂಡು ಬಂದಳು. ಕಂದು ಕುತ್ತಿಗೆಯ, ಬಿಳಿ ಹೊಟ್ಟೆಯ ಪಿಂಗಾಣಿ ಭರಣಿ. ಹೊಳೆಜೀರಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಅವಳು ಅದನ್ನು ಮುಟ್ಟುತ್ತಿರಲಿಲ್ಲ.

"ಇದ್ನ ನೀನು ತಗಂಡು ಹೋಗು. ಇಲ್ಲಿ ಇನ್ನೆಂತಕ್ಕೆ? ಬಾಗ್ಲ ಬದಿಗೆ ಇಟ್ರೆ ಛತ್ರಿ ಇಡಲೆ ಆಗ್ತು."

ಅವಳು ಅತ್ತಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ. ಅಳಲಿಲ್ಲ. ಬಸ್ಸಿನಲ್ಲಿ ಭರಣಿಯನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಬರುವಾಗ ಅತ್ತವಳು ನಾನು. ಪಕ್ಕದ ಸೀಟಿನ ಹೆಂಗಸು ಒಡೆದಿದೆಯೇ ಎಂದು ಬಗ್ಗಿ ನೋಡಿದಳು.

ಕಸಿ ಕಟ್ಟುವವರು ಸಿದ್ದಾಪುರದ ಕಡೆ ದೊಡ್ಮನೆಯ ತಿಮ್ಮಣ್ಣ. ಫೋನು ಮಾಡಿದೆ. ಗಿಡ ಸಿದ್ಧವಿದೆ, ಆದರೆ ಭಾನುವಾರದವರೆಗೆ ಕೈ ಬಿಡುವಿಲ್ಲ ಎಂದರು. "ಅಲ್ಲೀವರೆಗೆ ಫ್ರಿಡ್ಜಿನಾಗೆ ಇಡಿ ಅಮ್ಮ, ಕೆಳಗಡೆ ತರಕಾರಿ ಇಡೋ ಕಡೆ. ತಂಪು ತಪ್ಪಿದ್ರೆ ಬೂಸ್ಟು ಹಿಡೀತದೆ. ಹಾಗಂತ ಐಸಿಗೆ ಹಾಕ್ಬೇಡಿ ಮತ್ತೆ."

ಹೀಗೆ ಹೊಳೆಜೀರಿಗೆಯ ವಂಶ ನಮ್ಮ ಫ್ರಿಡ್ಜಿನ ಬದನೆಕಾಯಿಯ ಪಕ್ಕ ಬಂದು ಕುಳಿತಿತು. ಅತ್ತೆ ಬಾಗಿಲು ತೆಗೆದು ನೋಡಿ, "ತಂಪಿನ ಪೆಟ್ಟಿಗೆ ಒಳಗೆ ಕಟ್ಟಿಗೆ ಇಟ್ಟಿದ್ಯನೆ?" ಎಂದರು. ನಮ್ಮ ಅತ್ತೆಯ ಬಗ್ಗೆ ಒಂದು ಮಾತು. ಅವರು ವಾನಳ್ಳಿಯ ದೊಡ್ಡ ಸಂಸಾರದಲ್ಲಿ ಅಡುಗೆ ಮಾಡಿದವರು. ಪೇಟೆಮನೆಗೆ ಬಂದು ವರ್ಷಗಳಾದರೂ, ಈ ಮನೆಯಲ್ಲಿ ಯಾವುದೂ ಸರಿಯಾದ ಜಾಗದಲ್ಲಿ ಇಲ್ಲ ಎಂಬ ಅವರ ಅಭಿಪ್ರಾಯ ಬದಲಾಗಿಲ್ಲ. ಎರಡನೆಯದು, ಅವರು ಯಾವ ವಸ್ತುವನ್ನೂ ಹಾಳಾಗಲು ಬಿಡುವವರಲ್ಲ. ಎರಡನೆಯದನ್ನು ನೆನಪಿಟ್ಟುಕೊಳ್ಳಿ.

ಗುರುವಾರ ಬೆಳಿಗ್ಗೆ ಹಾಲು ಒಡೆಯಿತು. ಹಾಲಿನವನ ತಪ್ಪು ಎಂದುಕೊಂಡೆ. ಮಧ್ಯಾಹ್ನ ಬುತ್ತಿಯ ಮಜ್ಜಿಗೆ ಹುಳಿಹುಳಿ. ಅತ್ತೆಯ ಕೈ ತಪ್ಪು ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ಶಾಲೆಯಿಂದ ಬಂದು ಬಾಗಿಲು ತೆಗೆದರೆ ಒಳಗಿಂದ ತಂಪಿನ ಬದಲು ಬೆಚ್ಚಗಿನ ಗಾಳಿ ಮುಖಕ್ಕೆ ಬಂತು. ಐಸಿನ ಖಾನೆಯಲ್ಲಿ ಐಸು ಕರಗಿ ನೀರಾಗಿತ್ತು, ಕೆಳಗಿನ ತಟ್ಟೆ ತುಂಬಿ ನೆಲಕ್ಕೆ ಹರಿದಿತ್ತು. ಕಡ್ಡಿಯ ಕಟ್ಟನ್ನು ಮುಟ್ಟಿದೆ. ಬಿಸಿಯಿಲ್ಲ, ಹಾಗೆಂದು ತಂಪೂ ಇಲ್ಲ. ಮಂಚಿಕೇರಿಯಲ್ಲಿ ಅಷ್ಟರಲ್ಲಿ ಮರ ತುಂಡುತುಂಡಾಗಿ ಸೌದೆಯ ರಾಶಿ ಸೇರಿತ್ತು. ಮತ್ತೊಮ್ಮೆ ಹೋಗಿ ಕಡ್ಡಿ ಕೊಯ್ದು ತರುತ್ತೇನೆ ಎನ್ನುವಂತಿರಲಿಲ್ಲ. ಇರುವುದೆಲ್ಲ ಆ ಒದ್ದೆ ಬಟ್ಟೆಯೊಳಗೆ.

ನಾವು ಚಿಕ್ಕವರಿದ್ದಾಗ ತಂಪಿಗೆ ಇಷ್ಟು ಹೆದರಿದ ನೆನಪಿಲ್ಲ. ತಂಪು ಆಗ ಎಲ್ಲ ಕಡೆ ಪುಕ್ಕಟೆ ಸಿಗುತ್ತಿತ್ತು. ಮಜ್ಜಿಗೆಯ ತಂಬಿಗೆಗೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರೆ ಆಯಿತು. ವೀಳ್ಯದೆಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಇಟ್ಟರೆ ಆಯಿತು. ಮೊದಲ ಫ್ರಿಡ್ಜು ನಾನು ನೋಡಿದ್ದು ಶಿರಸಿಯಲ್ಲಿ, ದೂರದ ಸಂಬಂಧದ ಮಾವನ ಮನೆಯಲ್ಲಿ. ಅದನ್ನು ಹಜಾರದಲ್ಲಿ ಕುರ್ಚಿಗಳ ಜೊತೆ ನಿಲ್ಲಿಸಿ, ತಲೆಗೆ ಕಸೂತಿ ಬಟ್ಟೆ ಹೊದಿಸಿ, ಬೀಗ ಹಾಕಿದ್ದರು. ಬಂದವರಿಗೆಲ್ಲ ಮಾವ ಬೀಗ ತೆಗೆದು ಒಳಗಿನ ಬೆಳಕು ತೋರಿಸುತ್ತಿದ್ದರು. ಒಳಗೆ ಒಂದು ಬಾಟಲಿ ನೀರು, ಒಂದು ನಿಂಬೆಹಣ್ಣು. ಬಾಗಿಲು ಹಾಕಿದ ಮೇಲೂ ಬೆಳಕು ಉರಿಯುತ್ತದೆಯೋ ಇಲ್ಲವೋ ಎಂದು ಕೇಳಿದ್ದಕ್ಕೆ ನನಗೆ ಬೈಗುಳ ಸಿಕ್ಕಿತ್ತು. ವಿಜ್ಞಾನದಲ್ಲಿ ನನ್ನ ಆಸಕ್ತಿ ಶುರುವಾದದ್ದು ಅಲ್ಲಿಂದ.

ಆಗ ಕೊರತೆಯಿದ್ದದ್ದು ಬಿಸಿಗೆ. ಜೂನ್ ಬಂತೆಂದರೆ ಯಾವುದೂ ಒಣಗುವುದಿಲ್ಲ. ಅದಕ್ಕೇ ಎಲ್ಲರ ಮನೆಯ ಅಡುಗೆ ಒಲೆಯ ಮೇಲೆ ಬಿದಿರು ಹಾಸಿದ ಒಂದು ಅಟ್ಟ. ಕೆಳಗಿನ ಬೆಂಕಿಯ ಬಿಸಿ ಮೇಲೆ ಹೋಗಿ ಅಲ್ಲಿದ್ದದ್ದನ್ನೆಲ್ಲ ಒಣಗಿಸುತ್ತಿತ್ತು. ಹಪ್ಪಳ, ಹುಳಿಗೆ ಹಾಕುವ ಮುರುಗಲು ಹಣ್ಣಿನ ಸಿಪ್ಪೆ, ಹಲಸಿನ ಬೇಳೆ, ಬೆಂಕಿಪೊಟ್ಟಣ, ನಮ್ಮ ಶಾಲೆಯ ಲಂಗ, ಎಲ್ಲವೂ ಅಲ್ಲಿ. ಜೂನಿನಿಂದ ದಸರೆಯವರೆಗೆ ನಾವು ಹೊಗೆಯ ವಾಸನೆ ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದೆವು. ಇಡೀ ತರಗತಿಯೇ ಹಾಗೆ ನಾರುತ್ತಿದ್ದುದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಈಗಿನ ನಮ್ಮ ಮನೆಯಲ್ಲಿ ಗ್ಯಾಸು. ಮೇಲೆ ಅಟ್ಟವಿಲ್ಲ, ಹೊಗೆ ಎಳೆಯುವ ಒಂದು ಯಂತ್ರವಿದೆ.

ಇರಲಿ, ಫ್ರಿಡ್ಜಿಗೆ ಬರೋಣ. ರಿಪೇರಿಯ ಬಸಣ್ಣನಿಗೆ ಫೋನು ಮಾಡಿದೆ. ಹಾವೇರಿ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆ ನಿಂತವ, ಒಳ್ಳೆಯ ಮನುಷ್ಯ, ಫೋನಿನಲ್ಲಿ ಇನ್ನೂ ಒಳ್ಳೆಯವ.

"ಒಳಗ ಲೈಟ್ ಹತ್ತತೈತೇನ್ರಿ ಮೇಡಂ?"

"ಹತ್ತುತ್ತದೆ."

"ಗರ್ರ್ ಅಂತೈತೇನ್ರಿ?"

"ಅನ್ನುತ್ತಲೇ ಇದೆ. ನಿಲ್ಲುವುದೇ ಇಲ್ಲ."

"ಹಂಗಾರ ಗ್ಯಾಸ್ ಹೋಗಿರಬೇಕ್ರಿ. ಇಲ್ಲಾ ಕಂಪ್ರೆಸರ್. ಇಲ್ಲಾ ಪ್ಲಗ್ ಲೂಸ್ ಇದ್ದು ಕರೆಂಟ್ ಕಡಿಮಿ ಬರಾಕತ್ತಿರಬೇಕು. ಬೇರೆ ಪ್ಲಗ್ಗಿಗೆ ಹಾಕಿ ನೋಡ್ರಿ. ನಾ ಬರ್ತೀನ್ರಿ, ದಾರ್ಯಾಗ ಅದೀನಿ."

ಸಿಡಿಲಿಗೆ ಊರ ತುಂಬ ಟೀವಿ, ಫ್ರಿಡ್ಜು ಸುಟ್ಟಿದ್ದವು. ಬಸಣ್ಣ ಆ ವಾರವೆಲ್ಲ ಯಾರದೋ ಮನೆಯ ದಾರಿಯಲ್ಲೇ ಇದ್ದ.

ನಮ್ಮ ಮನೆಯವರು ಸುಮ್ಮನೆ ಕೂರುವವರಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತರಾದರು. ಬಾಗಿಲಿನ ರಬ್ಬರು ಸಡಿಲವಾದರೆ ತಂಪು ಸೋರುತ್ತದಂತೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದಾಗ ಸುಲಭವಾಗಿ ಬಂದರೆ ರಬ್ಬರು ಹೋಗಿದೆ ಎಂದರ್ಥ. ಕೈಗೆ ಸಿಕ್ಕಿದ ಒಂದು ಲಗ್ನಪತ್ರಿಕೆಯನ್ನು ಸಿಕ್ಕಿಸಿ ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ವರನ ಹೆಸರು ಅವರ ಕೈಯಲ್ಲಿ, ವಧುವಿನ ಹೆಸರು ಫ್ರಿಡ್ಜಿನಲ್ಲಿ. "ರಬ್ಬರು ಗಟ್ಟಿ ಇದ್ದು," ಎಂದು ತೀರ್ಪು ಕೊಟ್ಟರು. ಆಮೇಲೆ ತಂಪು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಅವರು ಹೋದ ಮೇಲೆ ನಾನು ಅದನ್ನು ನಡುವಿಗೆ ತಂದೆ. ನಾನು ಶಾಲೆಗೆ ಹೋದ ಮೇಲೆ ಅತ್ತೆ, ಯಂತ್ರಕ್ಕೂ ಸ್ವಲ್ಪ ವಿಶ್ರಾಂತಿ ಬೇಕೆಂದು, ಒಂದಕ್ಕೆ ಇಳಿಸಿದರು. ಮೂವರು ವೈದ್ಯರ ನಡುವೆ ರೋಗಿ ಮಾತ್ರ ಗರ್ರ್ ಎನ್ನುತ್ತಲೇ ಇತ್ತು.

ಶುಕ್ರವಾರದ ಹೊತ್ತಿಗೆ ಇನ್ನೊಂದು ಲಕ್ಷಣ ಕಂಡಿತು. ಅಡುಗೆಮನೆಯಲ್ಲಿ ಹುಳಿ ವಾಸನೆ. ಗ್ಯಾಸ್ ಸೋರುತ್ತಿದೆ ಎಂದು ಇವರು. ಫ್ರಿಡ್ಜಿನ ಗ್ಯಾಸಿಗೆ ಹುಳಿ ವಾಸನೆ ಇರುವುದಿಲ್ಲ ಎಂದು ನಾನು. ಒಳಗೇನೋ ಕೊಳೆತಿದೆ ಎಂದುಕೊಂಡು ಇದ್ದದ್ದನ್ನೆಲ್ಲ ಹೊರಗೆ ಹರಡಿದೆ. ಯಾವುದೋ ಶ್ರಾದ್ಧದ ವಡೆಯ ಹಿಟ್ಟು, ಒಣಗಿದ ಅರ್ಧ ನಿಂಬೆ, ಔಷಧಿಯ ಬಾಟಲಿ, ಮೂರು ಬಗೆಯ ತಂಬುಳಿ ಸಿಕ್ಕವು. ಹುಳಿ ವಾಸನೆ ಅವುಗಳದ್ದಲ್ಲ. ಅತ್ತೆ ಹಿಂದಿನಿಂದ ಶಾಂತವಾಗಿ ಹೇಳಿದರು:

"ಕಟ್ಟಿಗೆ ಇಟ್ಟಿದ್ದಕ್ಕೇ ಹೀಂಗಾಗಿದ್ದು. ಒಲೆಗೆ ಹಾಕದು ಒಲೆಗೆ, ಪೆಟ್ಟಿಗೆಗೆ ಇಡದು ಪೆಟ್ಟಿಗೆಗೆ."

ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟನ್ನು ತೆಗೆದುಕೊಂಡು ಪಕ್ಕದ ಮನೆಯ ಶಾಂತಕ್ಕನಲ್ಲಿಗೆ ಹೋದೆ. ಅವಳ ಫ್ರಿಡ್ಜಿನಲ್ಲಿ ಮೊಮ್ಮಗಳ ಹುಟ್ಟುಹಬ್ಬದ ಕೇಕು ಕೂತಿತ್ತು, ಅರ್ಧ ಕಟ್ಟಿಗಷ್ಟೇ ಜಾಗ. ಅರ್ಧ ಅವಳಲ್ಲಿ ಬಿಟ್ಟು ಬಂದೆ. "ಎಂತಕ್ಕೂ ಹೆದರಡ, ಆನು ಜೋಪಾನ ಮಾಡ್ತೆ," ಎಂದಳು. ಅವಳ ಜೋಪಾನವನ್ನು ಮುಂದೆ ಹೇಳುತ್ತೇನೆ. ಉಳಿದರ್ಧವನ್ನು ಬಟ್ಟೆ ಬದಲಿಸಿ, ಮತ್ತೆ ನೀರು ಚಿಮುಕಿಸಿ ನಮ್ಮ ಬೆಚ್ಚಗಿನ ಫ್ರಿಡ್ಜಿನಲ್ಲೇ ಇಟ್ಟೆ. ಬೇರೆ ಎಲ್ಲಿಡಲಿ?

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಬಂದವಳೇ, ಬಸಣ್ಣ ಹೇಳಿದಂತೆ ಬೇರೆ ಪ್ಲಗ್ಗಿಗಾದರೂ ಹಾಕಿ ನೋಡೋಣ, ಫ್ರಿಡ್ಜನ್ನು ಈಚೆಗೆ ಎಳೆಯೋಣ ಎಂದೆ. ಗೋಡೆಯ ಮೂಲೆಯಲ್ಲಿ ನಿಲ್ಲಿಸಿದ ಅದನ್ನು ವರ್ಷಗಳಿಂದ ಯಾರೂ ಅಲ್ಲಾಡಿಸಿರಲಿಲ್ಲ. ಇವರು ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ಅತ್ತೆ ಯಾಕೋ ದೇವರಮನೆಗೆ ಹೋದರು. ಪಕ್ಕಕ್ಕೆ ಕೈ ಇಟ್ಟರೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ಎಳೆದಾಗ ಹಿಂದಿನಿಂದ ಏನೋ ಮೆತ್ತಗೆ ಜಾರಿ ಬಿದ್ದ ಸದ್ದು. ಒಮ್ಮೆಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು.

ಫ್ರಿಡ್ಜಿನ ಬೆನ್ನಿಗೂ ಗೋಡೆಗೂ ನಡುವೆ ಒಂದು ಸಂಸಾರವೇ ನಡೆದಿತ್ತು. ಹಳೆಯ ಪಂಚೆಯ ಮಡಿಕೆಯಲ್ಲಿ ಹಲಸಿನ ಹಪ್ಪಳ, ಕಪ್ಪು ಸರಳುಗಳಿಗೆ ಒತ್ತಿ ನಿಲ್ಲಿಸಿದ್ದು. ಅದರ ಕೆಳಗೆ ಎರಡು ಬಟ್ಟೆ ಚೀಲ ತುಂಬ ಅರೆ ಒಣಗಿದ ಮುರುಗಲು ಸಿಪ್ಪೆ. ಸಂದಿಯಲ್ಲಿ ಸಾಸಿವೆಯ ಪೊಟ್ಟಣ, ಬೆಂಕಿಪೊಟ್ಟಣಗಳ ಒಂದು ಸಾಲು. ನಾನು ಸೊಂಟಕ್ಕೆ ಕೈ ಇಟ್ಟು ಶುರು ಮಾಡಿದೆ. ಯಾರು ಇಟ್ಟದ್ದು, ಯಾರಿಗೆ ಬುದ್ಧಿ ಇಲ್ಲ, ಈ ಮನೆಯಲ್ಲಿ ಯಂತ್ರ ಎಂದರೆ ಏನೆಂದು ತಿಳಿದವರು ಯಾರಾದರೂ ಇದ್ದಾರೆಯೇ, ಹೀಗೆ ದೇವರಮನೆಗೆ ಕೇಳುವಷ್ಟು ದೊಡ್ಡದಾಗಿ. ಇವರು ಬಗ್ಗಿ ಒಂದೊಂದೇ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಒಂದು ಜೊತೆ ಕಾಲುಚೀಲ ಬಂತು. ಅದು ಅವರದ್ದೇ. ಬೈಕಿನಲ್ಲಿ ನೆನೆದದ್ದು ಒಣಗಲಿ ಎಂದು ತುರುಕಿದ್ದರಂತೆ. ನನ್ನ ದನಿ ಇನ್ನಷ್ಟು ಏರಿತು. ಆಮೇಲೆ ಅವರು ಕೈ ಒಳಗೆ ಹಾಕಿ ಒಂದು ಹಸಿರು ರವಿಕೆ ಎಳೆದು ತೆಗೆದು, ಬಹಳ ಮರ್ಯಾದೆಯಿಂದ ನನ್ನ ಮುಂದೆ ಹಿಡಿದರು.

ಶಾಲೆ ಶುರುವಾದ ದಿನ ಒಣಗಲಿಲ್ಲವೆಂದು ನಾನೇ ಪಕ್ಕದಿಂದ ಸಿಕ್ಕಿಸಿದ್ದೆ. ಆಮೇಲೆ ರವಿಕೆ ಕಳೆದಿದೆ ಎಂದು ಮನೆಯೆಲ್ಲ ಹುಡುಕಿದ್ದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಸ್ಥಿತಿ ನನ್ನದು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಅತ್ತೆ ಆಗ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ಅಪರಾಧದ ಸುಳಿವಿಲ್ಲ.

"ಮುರುಗಲು ಒಣಗದ್ರೊಳಗೆ ಬಿಸ್ಲು ಹೋತು. ಎಸೆಯಲೆ ಆಗ್ತನೆ? ಒಲೆ ಇಲ್ಲದ್ದ ಮನೆಲಿ ಬೆಚ್ಚಗೆ ಇಪ್ಪ ಜಾಗ ಅದೊಂದೇಯ. ಪ್ರತಿ ವರ್ಷ ನಾಲ್ಕು ಹಪ್ಪಳ ಇಡ್ತಿದ್ದೆ, ಈ ವರ್ಷ ಸ್ವಲ್ಪ ಹೆಚ್ಚಾತು. ಹಿಂದಿನ ಬಿಸಿ ಸುಮ್ಮನೆ ಹಾಳಾಗ್ತು ಹೇಳಿ ಇಟ್ಟೆ. ಮುಂದಿನ ತಂಪಿಗೂ ಹಿಂದಿನ ಬಿಸಿಗೂ ಎಂತ ಸಂಬಂಧ?"

ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕೇ ನನಗೆ ತಿಂಗಳು ತಿಂಗಳು ಸಂಬಳ ಕೊಡುತ್ತಾರೆ. ಫ್ರಿಡ್ಜು ತಂಪನ್ನು ಹುಟ್ಟಿಸುವುದಿಲ್ಲ ಮಕ್ಕಳೇ, ಒಳಗಿನ ಬಿಸಿಯನ್ನು ಹೊತ್ತುಕೊಂಡು ಬಂದು ಬೆನ್ನಿನಿಂದ ಹೊರಗೆ ಚೆಲ್ಲುತ್ತದೆ, ಅಷ್ಟೇ. ಬೆನ್ನಿಗೆ ಗಾಳಿ ಆಡದಿದ್ದರೆ ಚೆಲ್ಲುವುದೆಲ್ಲಿಗೆ? ಹಲಗೆಯ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ವರ್ಷ ವರ್ಷ ಹೇಳಿದ್ದೇನೆ. ನನ್ನದೇ ಮನೆಯಲ್ಲಿ ಮೂರು ದಿನ ಅದರ ಮುಂದೆ ನಿಂತು ಬಾಗಿಲು ತೆಗೆದು ಹಾಕಿ ಮಾಡಿದೆನೇ ಹೊರತು ಬೆನ್ನು ನೋಡಲಿಲ್ಲ. ಮೇಲಾಗಿ ಅದಕ್ಕೆ ರವಿಕೆ ತೊಡಿಸಿದ್ದೆ. ಅತ್ತೆಗೆ ಬೈಯಲು ತೆರೆದ ಬಾಯಿ ನಗುವಿಗೆ ತಿರುಗಿತು. ಇವರೂ ನಕ್ಕರು. ಅತ್ತೆ ಮಾತ್ರ, ಇದರಲ್ಲಿ ನಗುವಂಥದ್ದೇನಿದೆ ಎಂದು ಹಪ್ಪಳ ಎಣಿಸತೊಡಗಿದರು.

ಪ್ಲಗ್ಗು ತೆಗೆದು, ಪೊರಕೆ ಹಿಡಿದು ಸರಳುಗಳ ಮೇಲಿನ ಧೂಳು ಗುಡಿಸಿದೆವು. ಬೆನ್ನು ಆರಲೆಂದು ಸ್ವಲ್ಪ ಹೊತ್ತು ಬಿಟ್ಟು, ಗೋಡೆಯಿಂದ ಮೊಳ ದೂರ ನಿಲ್ಲಿಸಿ ಚಾಲು ಮಾಡಿದೆವು. ಗರ್ರ್ ಶುರುವಾಯಿತು. ಮೂವರೂ ಅಡುಗೆಮನೆಯಲ್ಲೇ ಕುಳಿತು ಚಾ ಕುಡಿದೆವು, ಆಸ್ಪತ್ರೆಯ ಹೊರಗೆ ಕೂರುವಂತೆ. ದೀಪ ಹಚ್ಚುವ ಹೊತ್ತಿಗೆ ಫ್ರಿಡ್ಜು ಒಮ್ಮೆ ನಡುಗಿ, 'ಟಕ್' ಎಂದು, ಸುಮ್ಮನಾಯಿತು.

"ಹೋತು!" ಎಂದರು ಇವರು. "ಪೂರ್ತಿ ಹೋತು!"

"ಸುಮ್ನಿರಿ," ಎಂದೆ. "ತಂಪು ಸಾಕಾದ್ರೆ ಅದೇ ನಿಲ್ತು. ಮೂರು ದಿನದಿಂದ ನಿಂತೇ ಇರಲಿಲ್ಲೆ." ಬಾಗಿಲು ತೆಗೆದೆ. ತಣ್ಣಗಿನ ಗಾಳಿ ಕಾಲ ಮೇಲೆ ಇಳಿಯಿತು. ಕಡ್ಡಿಯ ಕಟ್ಟನ್ನು ಕೆನ್ನೆಗೆ ಒತ್ತಿಕೊಂಡೆ. ತಂಪಾಗಿತ್ತು. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆದದ್ದಿಲ್ಲ.

"ಅದೆಲ್ಲ ಸರಿ. ಈ ಮುರುಗಲು?" ಎಂದರು ಅತ್ತೆ.

ಕೇಳಬೇಕಾದ ಪ್ರಶ್ನೆಯೇ. ಆಗ ನನಗೆ ನಮ್ಮ ಹಳೆಯ ಅಟ್ಟ ನೆನಪಾಯಿತು. ಒಲೆಗೆ ಅಂಟಿಸಿ ಯಾರೂ ಹಪ್ಪಳ ಇಡುತ್ತಿರಲಿಲ್ಲ, ಬಿಸಿ ಏರುವ ದಾರಿಯಲ್ಲಿ, ಎತ್ತರದಲ್ಲಿ ಇಡುತ್ತಿದ್ದರು. ಮರುವಾರ ಇವರು ಫ್ರಿಡ್ಜಿನ ಹಿಂದಿನ ಗೋಡೆಗೆ, ತಲೆಗಿಂತ ಮೇಲೆ, ಮರದ ಪಟ್ಟಿಗಳನ್ನು ಸಂದಿ ಬಿಟ್ಟು ಹೊಡೆದರು. ಬೆನ್ನ ಹಿಂದೆ ಗಾಳಿ ಆಡುತ್ತದೆ, ಬೆಚ್ಚಗಾದ ಗಾಳಿ ಮೇಲೆ ಹೋಗಿ ಮುರುಗಲಿಗೆ ತಾಗುತ್ತದೆ. ನಿಧಾನವಾಗಿ ಒಣಗಿತು, ಆದರೆ ಒಣಗಿತು. ಅತ್ತೆ ಅದನ್ನು ಅಟ್ಟ ಎಂದೇ ಕರೆಯುತ್ತಾರೆ. ಈ ಮನೆಯಲ್ಲಿ ಸರಿಯಾದ ಜಾಗದಲ್ಲಿ ಇರುವುದು ಅದೊಂದೇ ಎಂದು ಬಂದವರಿಗೆಲ್ಲ ತೋರಿಸುತ್ತಾರೆ, ಹಿಂದೆ ಆ ಮಾವ ಬೀಗ ತೆಗೆದು ಬೆಳಕು ತೋರಿಸುತ್ತಿದ್ದ ಹಾಗೆ.

ಫ್ರಿಡ್ಜು ಸರಿಯಾದ ಮರುದಿನ, ಭಾನುವಾರ ಬೆಳಿಗ್ಗೆ, ಶಾಂತಕ್ಕನಿಂದ ನಮ್ಮ ಅರ್ಧ ಕಟ್ಟು ತರಲು ಹೋದೆ. ಅವಳು ಐಸಿನ ಖಾನೆಯಿಂದ ತೆಗೆದು ಕೊಟ್ಟಳು. ಕೆಳಗೆ ಇಟ್ಟರೆ ತಂಪು ಸಾಲದೆ ಹೋದೀತು, ಪಾಪ ತವರಿನ ಮರ ಎಂದು ಪ್ರೀತಿಯಿಂದ ಮೇಲೆ ಇಟ್ಟಿದ್ದಳಂತೆ. ಕಟ್ಟು ಕಲ್ಲಾಗಿತ್ತು. ಕೇಕು ಕೊಟ್ಟಳು, ತಿಂದು ಬಂದೆ.

ದೊಡ್ಮನೆಯಲ್ಲಿ ತಿಮ್ಮಣ್ಣ ಐಸಿನ ಕಟ್ಟು ಬಿಚ್ಚಿದರು. ಕಡ್ಡಿ ಕಪ್ಪಾಗಿದ್ದವು, ಪಕ್ಕಕ್ಕೆ ಹಾಕಿದರು. ನಮ್ಮದನ್ನು ಬಿಚ್ಚಿದರು. ಎರಡಕ್ಕೆ ಬೂಸ್ಟು ಬಂದಿತ್ತು. ಒಂದು ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರು.

"ಜೀವ ಅದೆ," ಎಂದರು. "ಎಷ್ಟು ಹಿಡೀತದೆ ಅಂತ ಈಗ್ಲೇ ಹೇಳಕ್ಕಾಗಲ್ಲ ಅಮ್ಮ. ನೋಡಾಣ."

ನೋಡೋಣ ಎಂಬ ಮಾತಿನಷ್ಟು ಉದ್ದವಾದದ್ದು ಬೇರೆ ಇಲ್ಲ. ಆಯಿಗೆ ನಾನು ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ದನದ ವಿಷಯ, ತಮ್ಮನ ಮಗಳ ಶಾಲೆಯ ವಿಷಯ, ನನ್ನ ಮಂಡಿನೋವಿನ ವಿಷಯ ಆಗುತ್ತಿತ್ತು. ಹೊಳೆಯ ದಾರಿಯ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಭರಣಿ ನಮ್ಮ ಬಾಗಿಲ ಬದಿಯಲ್ಲಿ ಛತ್ರಿ ಹೊತ್ತು ನಿಂತಿತ್ತು. ಪ್ರತಿ ಸಲ ಛತ್ರಿ ಎತ್ತಿಕೊಳ್ಳುವಾಗ ಒಳಗಿನಿಂದ ಸಣ್ಣಗೆ ಉಪ್ಪಿನ, ಜೀರಿಗೆಯ ವಾಸನೆ ಬರುತ್ತಿತ್ತು.

ಚೌತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ತಿಮ್ಮಣ್ಣನ ಫೋನು. ಕಟ್ಟಿದ್ದರಲ್ಲಿ ಮೂರು ಹಿಡಿದಿವೆ, ಒಂದಂತೂ ಚೆನ್ನಾಗಿ ಚಿಗುರಿದೆ, ಬಂದು ಒಯ್ಯಿ. ಹಬ್ಬಕ್ಕೆ ತವರಿಗೆ ಹೋಗುವಾಗ ಆ ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ತಾಮ್ರದ ಬಣ್ಣದ ಐದು ಎಲೆ, ಇನ್ನೂ ಜೋಲು ಮುಖ. ಈ ಸಲ ಪಕ್ಕದ ಸೀಟಿನಲ್ಲಿ ಇವರಿದ್ದರು. ಬಸ್ಸು ಎಗರಿದಾಗಲೆಲ್ಲ ಗಿಡದ ಸುತ್ತ ಕೈ ಕೊಟ್ಟರು, ನನಗೆ ಕೊಡಲಿಲ್ಲ.

ಆಯಿ ಅಂಗಳದಲ್ಲಿ ಗರಿಕೆ ಆರಿಸುತ್ತಿದ್ದಳು. ಗಿಡವನ್ನು ಅವಳ ಮುಂದೆ ಇಟ್ಟೆ. ಅವಳು ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಚಾಚಿ ಒಂದು ಎಲೆಯನ್ನು ಚಟಕ್ಕೆಂದು ಕಿತ್ತಳು.

"ಆಯಿ! ಇಪ್ಪದೇ ಐದು ಎಲೆ!"

ಅವಳಿಗೆ ಕೇಳಿಸಲೇ ಇಲ್ಲ. ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಕಣ್ಣು ಮುಚ್ಚಿ, ಮೂಗಿನ ಹತ್ತಿರ ತಂದಳು. ಮಿಡಿ ಮಾರುವವರು ಆ ಹೊತ್ತಿನಲ್ಲಿ ಹೇಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು ಎಂದು ನನಗೆ ಆವತ್ತು ಗೊತ್ತಾಯಿತು. ಅವಳು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದಾಗ ಒದ್ದೆಯಾಗಿದ್ದವು.

"ಹೌದು," ಎಂದಳು.

ಅಷ್ಟು ಹೇಳಿ ಮತ್ತೆ ಗರಿಕೆ ಆರಿಸತೊಡಗಿದಳು. ತಲೆ ಎತ್ತದೆಯೇ ಕೇಳಿದಳು.

"ಮಿಡಿ ಬಪ್ಪಲೆ ಎಷ್ಟು ವರ್ಷ ಬೇಕಡ?"

"ಐದಾರು ವರ್ಷ ಬೇಕು ಹೇಳ್ತ ತಿಮ್ಮಣ್ಣ."

ಅವಳ ವಯಸ್ಸು ಅವಳಿಗೂ ಗೊತ್ತು, ನನಗೂ ಗೊತ್ತು.

"ಭರಣಿ ಎಲ್ಲಿದ್ದು?"

"ಬಾಗ್ಲ ಬದಿಗೆ. ನೀನೇ ಹೇಳಿದ್ಯಲೆ, ಛತ್ರಿ ಇಟ್ಟಿದ್ದೆ."

"ಛತ್ರಿ ತೆಗೆ," ಎಂದಳು ಆಯಿ. "ಬಿಸಿನೀರಿಗೆ ತೊಳೆದು, ಒರೆಸಿ, ಬೋರಲು ಹಾಕಿಡು. ನೀರಿನ ಪಸೆ ಇಪ್ಪಲಾಗ."